ಆಹಾರ ಕೋಷ್ಟಕಗಳ ಇತಿಹಾಸ ಮತ್ತು ಗಣಕಯಂತ್ರದ ಅಂಕಿಗಳು

ಒಬ್ಬ ವ್ಯಕ್ತಿ ಒಂದು ದಿನದಲ್ಲಿ ಉಂಡ ಆಹಾರದ ವಿವರವನ್ನು ಅಂತರಜಾಲದ ತಂತ್ರಾಂಶವೊಂದಕ್ಕೆ ಒಪ್ಪಿಸಿದರೆ, ಕ್ಯಾಲೊರಿ, ಪ್ರೋಟೀನು, ಕ್ಯಾಲ್ಸಿಯಂ, ಕಬ್ಬಿಣ, ನಾರು ಮೊದಲಾದವುಗಳ ಮೊತ್ತ ಕ್ಷಣಮಾತ್ರದಲ್ಲಿ ದೊರೆಯುತ್ತದೆ. ಪೋಷಣಶಾಸ್ತ್ರದ ವಿದ್ಯಾರ್ಥಿಗಳಿಗೆ ಮಾತ್ರವಲ್ಲದೆ, ಜನಜೀವನದ ಇತಿಹಾಸವನ್ನು ಬರೆಯುವವರಿಗೂ ಈ ಸಾಧನ ಉಪಯುಕ್ತವಾದುದು. ಆದರೆ ತಂತ್ರಾಂಶವು ಆಹಾರವನ್ನು ಪರೀಕ್ಷಿಸುವುದಿಲ್ಲ. ಪ್ರಯೋಗಶಾಲೆಯಲ್ಲಿ ಹಿಂದೆ ಯಾರೋ ಪರೀಕ್ಷಿಸಿ ಬರೆದಿಟ್ಟ ಕೋಷ್ಟಕವನ್ನು ನೋಡಿ, ಗುಣಿಸಿ, ಕೂಡಿಸುತ್ತದೆ, ಅಷ್ಟೆ. ಆದುದರಿಂದ ಅದು ಕೊಡುವ ಅಂಕಿಯೂ ಒಂದು ಐತಿಹಾಸಿಕ ದಾಖಲೆಯೇ ಸರಿ. ಶಾಸನದ ಅಥವಾ ಕಡತದ ವಿಷಯದಲ್ಲಿ ಮಾಡುವಂತೆ ಇಲ್ಲಿಯೂ ಕಾಲ, ಕರ್ತೃ, ಉದ್ದೇಶಗಳನ್ನು ವಿಚಾರಿಸಬೇಕೆಂಬುದೇ ನಮ್ಮ ಪ್ರತಿಪಾದನೆ.

ಈ ಕೋಷ್ಟಕಗಳ ಪರಂಪರೆ 19ನೆಯ ಶತಮಾನದಲ್ಲಿ ರೂಪುಗೊಂಡಿತು. ಜರ್ಮನಿಯಲ್ಲಿ ಅಲ್ಲಿನ ವಿಜ್ಞಾನಿಗಳ ಪದ್ಧತಿಯನ್ನು ಕಲಿತ ಅಮೆರಿಕದ ವಿಲ್ಬರ್ ಆಟ್‌ವಾಟರ್, 1896ರಲ್ಲಿ ವುಡ್ಸ್ ಅವರೊಡನೆ ಅಮೆರಿಕದ ಆಹಾರವಸ್ತುಗಳ ರಾಸಾಯನಿಕ ಸಂಯೋಜನೆಯ ಕೋಷ್ಟಕವನ್ನು ಪ್ರಕಟಿಸಿದನು. ದುಡಿಯುವ ಜನರು ಕಡಿಮೆ ಹಣದಲ್ಲಿ ಹೆಚ್ಚಿನ ಪೋಷಣೆಯನ್ನು ಪಡೆಯುವುದೆಂತು ಎಂಬುದು ಅವನ ಮುಖ್ಯ ಚಿಂತೆಗಳಲ್ಲೊಂದು. ಗ್ರಾಮೊಂದಕ್ಕೆ ಪ್ರೋಟೀನಿಗೆ 4, ಕೊಬ್ಬಿಗೆ 9, ಶರ್ಕರಪಿಷ್ಟಕ್ಕೆ 4 ಕಿಲೊಕ್ಯಾಲೊರಿ ಎಂಬ ಲೆಕ್ಕಕ್ಕೆ ಇಂದಿಗೂ ಅವನ ಹೆಸರೇ ಇದೆ.

ಕೋಷ್ಟಕ ಸಿದ್ಧವಾದರೂ ಗಣಿತದ ಶ್ರಮ ಉಳಿದಿತ್ತು. 1945ರಲ್ಲಿ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 77 ಆಹಾರವಸ್ತುಗಳನ್ನೂ 9 ಪೋಷಕಾಂಶಗಳನ್ನೂ ತೆಗೆದುಕೊಂಡು, ಅತ್ಯಲ್ಪ ವೆಚ್ಚದ ಆಹಾರ ಯಾವುದೆಂದು ಲೆಕ್ಕ ಹಾಕಿದನು. 1939ರ ಬೆಲೆಗಳಂತೆ ವರ್ಷಕ್ಕೆ 39.93 ಡಾಲರು ಎಂಬುದು ಅವನ ಉತ್ತರ. 1947ರಲ್ಲಿ ಡಾನ್‌ಟ್ಸಿಗನ ನೂತನ ವಿಧಾನದಿಂದ ಇದೇ ಸಮಸ್ಯೆಯನ್ನು ಬಿಡಿಸಿದಾಗ ಬಂದ ಮೊತ್ತ 39.69 ಡಾಲರು. ಇದಕ್ಕಾಗಿ ಒಂಬತ್ತು ಮಂದಿ ಗುಮಾಸ್ತರು ಕೈಯಿಂದ ನಡೆಸುವ ಗಣನಯಂತ್ರಗಳ ಮುಂದೆ ಕುಳಿತು ಮಾಡಿದ ಕೆಲಸ ಒಟ್ಟು 120 ಆಳುದಿನಗಳಷ್ಟಾಯಿತು. ಇಂದಿನ ತಂತ್ರಾಂಶ ನೀಗಿಸಿರುವುದು ಈ ಶ್ರಮವನ್ನು, ಕೋಷ್ಟಕದ ಗುಣದೋಷಗಳನ್ನಲ್ಲ.

ಭಾರತದ ಕೋಷ್ಟಕಕ್ಕೆ ತವರು ನೀಲಗಿರಿಯ ಕೂನೂರು. 1918ರಲ್ಲಿ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಅಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಆರಂಭಿಸಿದ ಸಣ್ಣ ಪ್ರಯೋಗಶಾಲೆಯೇ ಬೆಳೆದು ಪೋಷಣ ಸಂಶೋಧನಾಲಯವಾಯಿತು. ಅದರ ನಿರ್ದೇಶಕನಾಗಿದ್ದ ಆಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೋಷಣಮೌಲ್ಯವನ್ನು ಕುರಿತ ಪುಸ್ತಿಕೆಯನ್ನು ಹೊರತಂದನು. ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ವರ್ಗವಾಗಿ, 1969ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ಹೆಸರನ್ನು ಪಡೆಯಿತು. 1971ರಲ್ಲಿ ಗೋಪಾಲನ್ ಮತ್ತು ಸಹೋದ್ಯೋಗಿಗಳ ಪರಿಷ್ಕೃತ ಗ್ರಂಥವೂ, 2017ರಲ್ಲಿ ದೇಶದ ಆರು ವಲಯಗಳಿಂದ ಮಾದರಿಗಳನ್ನು ತರಿಸಿ 528 ಆಹಾರವಸ್ತುಗಳನ್ನು ಹೊಸದಾಗಿ ಪರೀಕ್ಷಿಸಿದ ಕೋಷ್ಟಕವೂ ಅಲ್ಲಿಂದಲೇ ಪ್ರಕಟವಾದುವು.

ಈ ಎರಡು ಗ್ರಂಥಗಳನ್ನು ಹೋಲಿಸಿ ನೋಡೋಣ. ನಮ್ಮ ನಾಡಿನ ಬಡವರ ಮುಖ್ಯ ಧಾನ್ಯವಾಗಿದ್ದ ರಾಗಿಯನ್ನೇ ತೆಗೆದುಕೊಂಡರೆ, 100 ಗ್ರಾಮಿನಲ್ಲಿರುವ ಕ್ಯಾಲ್ಸಿಯಂ ಹಳೆಯದರಲ್ಲಿ 344 ಮಿಲಿಗ್ರಾಂ, ಹೊಸದರಲ್ಲಿ 364. ಇದು ಗಣನೀಯವಾದ ಅಂತರವಲ್ಲ. ಆದರೆ ನಾರು ಹಳೆಯದರಲ್ಲಿ 3.6 ಗ್ರಾಂ, ಹೊಸದರಲ್ಲಿ 11 ಗ್ರಾಮಿಗೂ ಮೇಲೆ. ರಾಗಿ ಬದಲಾಯಿತೆ? ಇಲ್ಲ, ಬದಲಾದುದು ‘ನಾರು’ ಎಂಬ ಮಾತಿನ ಅರ್ಥ. ಹಿಂದೆ ಧಾನ್ಯವನ್ನು ಆಮ್ಲದಲ್ಲಿಯೂ ಕ್ಷಾರದಲ್ಲಿಯೂ ಕುದಿಸಿ, ಕರಗದೆ ಉಳಿದುದನ್ನಷ್ಟೇ ತೂಗುತ್ತಿದ್ದರು. ನಾರಿನ ಬಹುಭಾಗ ಆ ಕುದಿತದಲ್ಲಿಯೇ ನಷ್ಟವಾಗುತ್ತಿತ್ತು. ಈಗ ಕಿಣ್ವಗಳ ಮೂಲಕ ಜೀರ್ಣವಾಗುವ ಭಾಗವನ್ನು ಕಳೆದು ಒಟ್ಟು ನಾರನ್ನು ಅಳೆಯುತ್ತಾರೆ. ಇದನ್ನರಿಯದ ಸಂಶೋಧಕನು ಹಳೆಯ ಸಮೀಕ್ಷೆಯೊಂದರ ಪ್ರಕಟಿತ ಅಂಕಿಯನ್ನು ಇಂದಿನ ತಂತ್ರಾಂಶದ ಅಂಕಿಯೊಡನೆ ಹೋಲಿಸಿದರೆ, ರಾಗಿ ತಿನ್ನುವ ಕುಟುಂಬದ ಆಹಾರದಲ್ಲಿ ನಾರು ಮೂರು ಮಡಿ ಹೆಚ್ಚಿತೆಂದು ಬರೆದಾನು. ಊಟ ಒಂದು ತುತ್ತೂ ಬದಲಾಗದೆ, ಬಡವನ ಸ್ಥಿತಿ ಕಾಗದದ ಮೇಲೆ ಸುಧಾರಿಸಿದಂತಾಗುತ್ತದೆ.

ಇನ್ನೊಂದು ದೋಷಕ್ಕೂ ಎಡೆಯುಂಟು. 2017ರ ಕೋಷ್ಟಕದಲ್ಲಿರುವುದು ಹಸಿಯ ಪದಾರ್ಥಗಳ ಅಂಕಿ. ಮುದ್ದೆಯಲ್ಲಿ ಹಿಟ್ಟಿನೊಡನೆ ನೀರೂ ಸೇರಿರುತ್ತದೆ. ಮುದ್ದೆಯ ತೂಕವನ್ನೇ ಹಿಟ್ಟಿನ ತೂಕವೆಂದು ಒಪ್ಪಿಸಿದರೆ, ಉಣ್ಣದ ಆಹಾರವೂ ಲೆಕ್ಕಕ್ಕೆ ಸೇರುತ್ತದೆ. ಅರೆಹೊಟ್ಟೆಯುಂಡವನು ಹೊಟ್ಟೆ ತುಂಬ ಉಂಡಂತೆ ತೋರುತ್ತಾನೆ.

ತಂತ್ರಾಂಶವನ್ನು ದೂರವಿಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಅಂಕಿಯನ್ನು ಉದ್ಧರಿಸುವಾಗ ಅದು ಯಾವ ಕೋಷ್ಟಕದ್ದು, ಯಾವ ವರ್ಷದ್ದು, ಯಾವ ಪರೀಕ್ಷಾಕ್ರಮದ್ದು, ಹಸಿಯದೋ ಬೇಯಿಸಿದುದೋ ಎಂಬ ನಾಲ್ಕು ಸಂಗತಿಗಳನ್ನು ವಿದ್ಯಾರ್ಥಿಗಳು ತಪ್ಪದೆ ನಮೂದಿಸಬೇಕು. ಎರಡು ಕಾಲಗಳ ಊಟವನ್ನು ಹೋಲಿಸುವಲ್ಲಿ, ಎರಡನ್ನೂ ಒಂದೇ ಕೋಷ್ಟಕದಿಂದ ಹೊಸದಾಗಿ ಗಣಿಸಬೇಕು. ಜನರು ಏನನ್ನು ಉಂಡರು, ಎಷ್ಟು ಹಸಿದರು ಎಂಬುದು ಇತಿಹಾಸದ ಗಂಭೀರ ಪ್ರಶ್ನೆಗಳಲ್ಲೊಂದು. ಅದಕ್ಕೆ ಕೊಡುವ ಉತ್ತರದ ಹೊಣೆ ಯಂತ್ರದ್ದಲ್ಲ, ಬರೆಯುವವನದು.