ನಾಲ್ಕಾಣೆಯ ಬೆಳೆ

‘ಮಾತು ಹದಿನಾರಾಣೆ ಖರೆ’ ಎಂದು ಬೇಡಕಿಹಾಳದ ಕಡೆಯ ಹಿರಿಯರು ಇಂದಿಗೂ ಅನ್ನುವುದುಂಟು. 1957ರಲ್ಲಿ ದಶಮಾಂಶ ನಾಣ್ಯ ಬಂದಾಗ ಆಣೆ ಲೆಕ್ಕದಿಂದ ಹೊರಬಿದ್ದಿತು. ಮಾತಿನಲ್ಲಿ ಮಾತ್ರ ಉಳಿಯಿತು. ಆದರೆ ಈ ಆಣೆಯಿಂದ ಹಣವನ್ನಷ್ಟೇ ಅಲ್ಲ, ಹೊಲದ ಪೈರನ್ನೂ ಅಳೆಯುತ್ತಿದ್ದರೆಂಬುದು ಹೊಸ ತಲೆಮಾರಿಗೆ ಗೊತ್ತಿರಲಾರದು. ಅದಕ್ಕೆ ಆಣೆವಾರಿ ಎಂದು ಹೆಸರು.

ಬೆಳಗಾವಿ ಜಿಲ್ಲೆ ಆಗ ಮುಂಬಯಿ ಇಲಾಖೆಗೆ ಸೇರಿತ್ತು. ಬದುವಿನ ಮೇಲೆ ನಿಂತು, ಕಣ್ಣಳತೆಯಿಂದ ‘ಇದು ಆರಾಣೆ ಬೆಳೆ’, ‘ಇದು ಮೂರಾಣೆ’ ಎಂದು ಬರೆಯುವುದು ರೂಢಿ. ಬೆಳೆ ನಾಲ್ಕಾಣೆಗಿಂತ ಕೆಳಗಿಳಿದರೆ ಆ ವರ್ಷದ ಕಂದಾಯ ವಸೂಲಿಯನ್ನು ಮುಂದೂಡಬೇಕೆಂಬುದು ಆ ಇಲಾಖೆಯ ನಿಯಮ. ರೈತನ ಮನೆಯ ಎತ್ತು ಉಳಿಯುವುದೋ ಹೋಗುವುದೋ, ಒಂದು ಅಂಕಿಯ ಮೇಲೆ ನಿಂತಿತ್ತು! ಅದೇ ಇಲಾಖೆಯ ಖೇಡಾ ಜಿಲ್ಲೆಯಲ್ಲಿ 1918ರಲ್ಲಿ ಗಾಂಧೀಜಿ ಹೂಡಿದ ಸತ್ಯಾಗ್ರಹದ ಬೇರು ಇಲ್ಲಿದೆ. ಬೆಳೆ ನಾಲ್ಕಾಣೆಗೂ ಕಡಿಮೆ ಎಂದರು ರೈತರು. ಹೆಚ್ಚು ಎಂದಿತು ಸರಕಾರ. ಕಂದಾಯ ಬೇಕಾದವನ ಕಣ್ಣಿಗೆ ಪೈರು ದಟ್ಟವಾಗಿ ಕಂಡರೆ, ಕೊಡಬೇಕಾದವನಿಗೆ ತೆಳ್ಳಗೆ ಕಾಣುತ್ತದೆ.

ಈ ಪಕ್ಷಪಾತಕ್ಕೆ ಮದ್ದು ಹುಡುಕಿದ್ದು ಸಂಖ್ಯಾಶಾಸ್ತ್ರ. ಬಿಹಾರದಲ್ಲಿ 1923ರಿಂದ 1925ರವರೆಗೆ ಹಬ್ಬಕ್ ಎಂಬ ಅಧಿಕಾರಿ, ತನಗೆ ತೋಚಿದ ಹೊಲವನ್ನಲ್ಲದೆ ಚೀಟಿ ಎತ್ತಿದಂತೆ ಬಂದ ತುಣುಕುಗಳನ್ನೇ ಕೊಯ್ಯಿಸಿ ಬತ್ತವನ್ನು ತೂಗಿಸಿದ. 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಮಹಾಲನೋಬಿಸರು 1937ರಿಂದ ಬಂಗಾಳದ ಸೆಣಬಿಗೆ ಈ ಮಾದರಿ ಸಮೀಕ್ಷೆಯನ್ನು ಅನ್ವಯಿಸಿದರು. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಆ ಸಂಸ್ಥೆಯನ್ನು ಸೇರಿ, ಮಾದರಿಯಿಂದ ಕಟ್ಟಿದ ಅಂದಾಜು ಎಷ್ಟರಮಟ್ಟಿಗೆ ನಿಖರವಾಗಬಲ್ಲುದೆಂಬುದರ ಮಿತಿಯನ್ನು 1945ರಲ್ಲಿ ಗಣಿತದಿಂದ ತೋರಿಸಿಕೊಟ್ಟರು. ಅಂದಾಜಿಗೂ ಒಂದು ಮಿತಿಯುಂಟೆಂದು ಒಪ್ಪಿಕೊಳ್ಳುವುದೇ ಈ ಶಾಸ್ತ್ರದ ವಿನಯ.

2016ರಲ್ಲಿ ಬಂದ ಬೆಳೆ ವಿಮೆಯೂ ಈ ಕೊಯ್ಲು ಪ್ರಯೋಗವನ್ನೇ ನಂಬಿದೆ. ಮುಖ್ಯ ಬೆಳೆಯಾದರೆ ಗ್ರಾಮ ಪಂಚಾಯತಿಗೆ ನಾಲ್ಕು ಪ್ರಯೋಗ. ಅವುಗಳ ಸರಾಸರಿಯೇ ಎಲ್ಲರ ಇಳುವರಿ. ಉದಾಹರಣೆಗೆ, ನಾಲ್ಕು ಹೊಲಗಳಲ್ಲಿ ಎಕರೆಗೆ 12, 11, 10 ಮತ್ತು 3 ಕ್ವಿಂಟಲ್ ಬಂದಿತೆನ್ನಿ. ಸರಾಸರಿ 9. ವಿಮೆಗೆ ಗೊತ್ತುಪಡಿಸಿದ ಇಳುವರಿ 10 ಆಗಿದ್ದರೆ ಪರಿಹಾರ ಬರಬೇಕು. ಈಗ ಅಂಕಿ ತುಂಬುವವನು 3ರ ಬದಲು 33 ಎಂದು ಒತ್ತಿದನೆನ್ನೋಣ. ಸರಾಸರಿ 16.5ಕ್ಕೆ ಹಾರುತ್ತದೆ, ಊರಿಗೆ ಊರೇ ಪರಿಹಾರ ಕಳೆದುಕೊಳ್ಳುತ್ತದೆ. ಅಂಕಿಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಡುವಿನ ಬೆಲೆಯನ್ನು ನೋಡಿದರೆ ಅದು 10.5ರಿಂದ 11.5ಕ್ಕೆ ಮಾತ್ರ ಸರಿದಿರುತ್ತದೆ. ಸರಾಸರಿಗೂ ನಡುಬೆಲೆಗೂ ಇಷ್ಟು ಅಂತರವೇಕೆ ಎಂದು ಅನುಮಾನಿಸಬಲ್ಲವನು ತಪ್ಪನ್ನು ಹಿಡಿದಾನು.

ನಮ್ಮ ಕಾಲೇಜುಗಳ ಹುಡುಗ ಹುಡುಗಿಯರು ಇಂದು ಗಣಕಯಂತ್ರದ ಕೆಲಸಕ್ಕಾಗಿ ಸರಾಸರಿ, ನಡುಬೆಲೆ, ವಿಚಲನೆಗಳನ್ನು ಕಲಿಯುತ್ತಿದ್ದಾರೆ. ಸೂತ್ರ ಬಾಯಿಪಾಠವಾದರೆ ಸಾಲದು. ಅಂಕಿ ಸರಿಯಿದ್ದಾಗಲೂ 3 ಕ್ವಿಂಟಲ್ ಬೆಳೆದವನು ಸರಾಸರಿಯೊಳಗೆ ಮರೆಯಾಗುತ್ತಾನೆಂಬುದು ಅವರಿಗೆ ತಿಳಿದಿರಬೇಕು. ಅಂದು ಬದುವಿನ ಮೇಲೆ ನಿಂತ ಅಧಿಕಾರಿಯ ಕಣ್ಣು ಮಾಡುತ್ತಿದ್ದ ತೀರ್ಮಾನವನ್ನು ಇಂದು ಅವರ ಬೆರಳು ಮಾಡುತ್ತಿದೆ.