ಮೂರನೇ ದಿನದ ಮೋಡ

2024ರ ಸೆಪ್ಟೆಂಬರ್ ಕೊನೆಯಲ್ಲಿ ಒಂದು ದಿನ ಬೆಳಗಿನ ಜಾವ ಅಮ್ಮನನ್ನು ಎಬ್ಬಿಸಿ ಕುವೆಂಪುನಗರದ ನಮ್ಮ ಮನೆ ತಾರಸಿಗೆ ಕರೆದುಕೊಂಡು ಹೋಗಿದ್ದೆ. ಪೂರ್ವದಲ್ಲಿ ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು. "ಮತ್ತೆ ಯಾವಾಗ ಬರತ್ತೋ?" ಅಂದರು ಅಮ್ಮ. ಟಿವಿಯವರು ಹೇಳಿದ್ದ 80 ಸಾವಿರ ವರ್ಷವನ್ನೇ ಒಪ್ಪಿಸಿದೆ. "ಅಷ್ಟು ವರ್ಷ ಕಾದು ನೋಡ್ದೋರು ಯಾರು?" ಅಂತ ಮರುಪ್ರಶ್ನೆ. ಇಂಜಿನಿಯರಿಂಗ್ ಓದಿದ ಮಗ ಉತ್ತರ ಹುಡುಕಲೇಬೇಕಾಯ್ತು :-)

ಹುಡುಕುತ್ತಾ ಹೋದಾಗ ಮೊದಲು ಸಿಕ್ಕವನು ನಾರ್ಮನ್ ಪಾಗ್ಸನ್, 19ನೇ ಶತಮಾನದ ಮದ್ರಾಸ್ ವೇಧಶಾಲೆಯ ಮುಖ್ಯಸ್ಥ. 1872ರ ನವೆಂಬರ್ 27ರಂದು ಯೂರೋಪಿನಲ್ಲಿ ಉಲ್ಕೆಗಳ ಮಳೆಯೇ ಸುರಿಯಿತು. 1852ರಿಂದ ಪತ್ತೆಯೇ ಇಲ್ಲದ ಬೀಲಾ ಧೂಮಕೇತು ಭೂಮಿಗೆ ಸವರಿಕೊಂಡು ಹೋಗಿದೆ, ದಕ್ಷಿಣದ ಆಕಾಶದಲ್ಲಿ ಹುಡುಕು ಅಂತ ಜರ್ಮನಿಯ ಕ್ಲಿಂಕರ್‌ಫ್ಯೂಸ್ ಪಾಗ್ಸನ್‌ಗೆ ತಂತಿ ಕಳಿಸಿದ. ಪಾಗ್ಸನ್ ಹುಡುಕಿದ. ಹೇಳಿದ ಕಡೆಯೇ ಒಂದು ಧೂಮಕೇತು ಸಿಕ್ಕಿತು! ಡಿಸೆಂಬರ್ 2 ಮತ್ತು 3ರಂದು ಅದರ ಸ್ಥಾನ ಅಳೆದ. ಆಮೇಲೆ ಮೋಡ. ಮತ್ತೆ ಅದು ಯಾರಿಗೂ ಕಾಣಲಿಲ್ಲ.

ಎರಡು ದಿನ ಸಾಲದೇ ಅಂತ ನಿಮಗನ್ನಿಸಬಹುದು. ಕಕ್ಷೆಯನ್ನು ಪೂರ್ತಿ ಹೇಳಲು ಆರು ಸಂಖ್ಯೆಗಳು ಬೇಕು: ಗಾತ್ರ, ಆಕಾರ, ಓರೆ, ಎತ್ತ ತಿರುಗಿದೆ ಎನ್ನುವುದಕ್ಕೆ ಎರಡು, ಮತ್ತು ಸೂರ್ಯನ ಹತ್ತಿರ ಬರುವ ವೇಳೆ. ಒಮ್ಮೆ ನೋಡಿದರೆ ಸಿಗುವುದು ಎರಡೇ ಸಂಖ್ಯೆ, ಆಕಾಶದ ಅಕ್ಷಾಂಶ-ರೇಖಾಂಶ ಇದ್ದ ಹಾಗೆ. ಎಷ್ಟು ದೂರದಲ್ಲಿದೆ ಅಂತ ಕಣ್ಣಿಗೆ ಕಾಣುವುದಿಲ್ಲವಲ್ಲ. ಹಾಗಾಗಿ ಕನಿಷ್ಠ ಮೂರು ಸಲ ನೋಡಬೇಕು. ದಾರಿ ಪರವಲಯ ಅಂತಲೇ ಊಹಿಸಿಕೊಂಡರೂ ಐದು ಸಂಖ್ಯೆ ಬೇಕು, ಪಾಗ್ಸನ್ ಕೈಯಲ್ಲಿದ್ದದ್ದು ನಾಲ್ಕು. ಒಂದೇ ಒಂದು ಕಡಿಮೆ! ಅವನು ಕಂಡ ಧೂಮಕೇತುವಿನ ಕಕ್ಷೆ ಇಂದಿಗೂ ಗೊತ್ತಿಲ್ಲ.

ಅಂದ ಹಾಗೆ, ಆ ಮದ್ರಾಸ್ ವೇಧಶಾಲೆಯೇ ಕೊಡೈಕೆನಾಲ್ ಮೂಲಕ ಬೆಳೆದು ಇಂದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ ಆಗಿದೆ. 1971ರಲ್ಲಿ ಅದಕ್ಕೆ ಆ ರೂಪ ಕೊಟ್ಟ ವೈನು ಬಾಪು ನನ್ನ ಎರಡನೇ ಮನುಷ್ಯ. ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ, 1949ರ ಜುಲೈ 2ರಂದು ತೆಗೆದ ಫೋಟೋ ಪ್ಲೇಟಿನಲ್ಲಿ ಅವರಿಗೊಂದು ಹೊಸ ಧೂಮಕೇತು ಕಂಡಿತು. ಆಗ ಅವರಿಗೆ 21 ವರ್ಷ. ಬಾಪು-ಬಾಕ್-ನ್ಯೂಕರ್ಕ್ ಎಂದು ಅದರ ಹೆಸರು. ಅದು ಒಂದು ಸುತ್ತು ಬರಲು ಸುಮಾರು 60 ಸಾವಿರ ವರ್ಷ ಬೇಕೆಂದು ಲೆಕ್ಕ.

ಈ 'ಸುಮಾರು' ಎಷ್ಟು ಸಡಿಲ ಅಂತ ಒಂದು ಪುಟ್ಟ ಪ್ರೋಗ್ರಾಂ ಬರೆದು ನೋಡಿದೆ. ಸೂರ್ಯನ ಸಮೀಪಕ್ಕೆ ಬಂದಾಗ, ಭೂಮಿಗಿಂತ ಎರಡರಷ್ಟು ದೂರದಲ್ಲಿರುವ ಒಂದು ಧೂಮಕೇತು ಅಂದುಕೊಳ್ಳಿ. ಉತ್ಕೇಂದ್ರತೆ 0.998 ಆದರೆ ಸುತ್ತಲು ಸುಮಾರು 31,600 ವರ್ಷ. 0.999 ಆದರೆ 89,400! ನಮಗೆ ಕಾಣುವಷ್ಟು ದಾರಿಯಲ್ಲಿ ಈ ಎರಡು ಕಕ್ಷೆಗಳೂ ಹೆಚ್ಚೂಕಮ್ಮಿ ಒಂದರ ಮೇಲೊಂದು ಕೂರುತ್ತವೆ. ಮೂರು ದಿನದ ಅಳತೆಯಿಂದ ದಾರಿಯ ಅಂದಾಜು ಸಿಗುತ್ತದೆ, ಅವಧಿ ಸಿಗುವುದಿಲ್ಲ. ಅದಕ್ಕೆ ತಿಂಗಳುಗಟ್ಟಲೆ ಬೆನ್ನು ಹತ್ತಬೇಕು. ಅಷ್ಟು ಮಾಡಿದರೂ ಗುರುಗ್ರಹ ಒಂಚೂರು ಎಳೆದರೆ ಲೆಕ್ಕ ಮತ್ತೆ ಬದಲು.

ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಜೊತೆಗೆ ತಿದ್ದುಪಡಿಯನ್ನೂ: ನಾವು ನೋಡಿದ ಧೂಮಕೇತು ಸೌರಮಂಡಲ ಬಿಟ್ಟೇ ಹೋಗಬಹುದು ಎಂಬ ಲೆಕ್ಕವೂ ಇದೆ. "ಸರಿ, ಎಬ್ಬಿಸಿದ್ದು ಒಳ್ಳೇದೇ ಆಯ್ತು ಬಿಡು" ಅಂದರು.