ಚೆರೋಕೀ ಭಾಷೆ ಮತ್ತು ಸಂಸ್ಕೃತಿಯ ಸಂರಕ್ಷಣೆ

ಚೆರೋಕೀ ಭಾಷೆಯು ಅಮೆರಿಕ ಸಂಯುಕ್ತ ಸಂಸ್ಥಾನದ ಮೂಲನಿವಾಸಿಗಳಾದ ಚೆರೋಕೀ ಜನರ ನುಡಿ. ಇದು ಇರೊಕ್ವಾಯನ್ ಭಾಷಾಕುಟುಂಬದ ದಕ್ಷಿಣ ಶಾಖೆಗೆ ಸೇರಿದ ಏಕೈಕ ಭಾಷೆ. ಇದರ ಭಾಷಿಕರು ಮುಖ್ಯವಾಗಿ ಓಕ್ಲಹೋಮ ಮತ್ತು ಉತ್ತರ ಕೆರೊಲಿನಾ ರಾಜ್ಯಗಳಲ್ಲಿದ್ದಾರೆ. ನಿರರ್ಗಳವಾಗಿ ಮಾತನಾಡಬಲ್ಲವರಲ್ಲಿ ಹೆಚ್ಚಿನವರು ವಯೋವೃದ್ಧರು. ಆದ್ದರಿಂದ ಭಾಷೆಯನ್ನು ಮುಂದಿನ ಪೀಳಿಗೆಗೆ ದಾಟಿಸುವ ಹೊಣೆಯನ್ನು ಸಮುದಾಯವೇ ವಹಿಸಿಕೊಂಡಿದೆ.

ಲಿಪಿ ಮತ್ತು ಮುದ್ರಣ

ಯಾವ ಭಾಷೆಯ ಓದುಬರಹವನ್ನೂ ಅರಿಯದಿದ್ದ ಸಿಕ್ವೋಯ ಎಂಬಾತ 1821ರ ಸುಮಾರಿಗೆ ಚೆರೋಕೀ ಲಿಪಿಯನ್ನು ರೂಪಿಸಿದನು. ಈಗ ಬಳಕೆಯಲ್ಲಿರುವ 85 ಅಕ್ಷರಗಳಲ್ಲಿ ಬಹುತೇಕ ಪ್ರತಿಯೊಂದೂ ಒಂದು ಉಚ್ಚಾರಾಂಶವನ್ನು ಸೂಚಿಸುತ್ತದೆ. ಇದರಲ್ಲಿ ಕಾಗುಣಿತವಿಲ್ಲ, ವ್ಯಂಜನ ಒಂದೇ ಆದರೂ ಸ್ವರ ಬದಲಾದಾಗ ಅಕ್ಷರದ ಆಕಾರವೇ ಬೇರೆಯಾಗುತ್ತದೆ. 1828ರಲ್ಲಿ ಜಾರ್ಜಿಯಾದ ನ್ಯೂ ಎಕೋಟದಿಂದ 'ಚೆರೋಕೀ ಫೀನಿಕ್ಸ್' ಪತ್ರಿಕೆ ಚೆರೋಕೀ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ ಪ್ರಕಟವಾಗತೊಡಗಿತು.

ಅವನತಿಯ ಕಾರಣಗಳು

1838–39ರಲ್ಲಿ ಸರ್ಕಾರವು ಚೆರೋಕೀ ಜನರನ್ನು ತಾಯ್ನೆಲದಿಂದ ಬಲವಂತವಾಗಿ ಪಶ್ಚಿಮಕ್ಕೆ ಸಾಗಿಸಿತು. ಸಾವಿರಾರು ಜನರನ್ನು ಬಲಿತೆಗೆದುಕೊಂಡ ಈ ಪ್ರಯಾಣ 'ಕಣ್ಣೀರಿನ ಹಾದಿ' ಎಂದೇ ಪ್ರಸಿದ್ಧವಾಗಿದೆ. ಮುಂದೆ ವಸತಿಶಾಲೆಗಳಲ್ಲಿ ಮಾತೃಭಾಷೆ ಆಡಿದ ಮಕ್ಕಳನ್ನು ದಂಡಿಸಲಾಗುತ್ತಿತ್ತು. ಹಾಗೆ ಬೆಳೆದ ಅನೇಕರು ತಮ್ಮ ಮಕ್ಕಳಿಗೆ ಆ ಭಾಷೆಯನ್ನು ಕಲಿಸಲಿಲ್ಲ.

ಸಂರಕ್ಷಣಾ ಪ್ರಯತ್ನಗಳು

ಡರ್ಬಿನ್ ಫೀಲಿಂಗ್ ಅವರ ಚೆರೋಕೀ–ಇಂಗ್ಲಿಷ್ ನಿಘಂಟು 1975ರಲ್ಲಿ ಪ್ರಕಟವಾಯಿತು. ಓಕ್ಲಹೋಮದ ಟಾಲೆಕ್ವಾದಲ್ಲಿ 2001ರಲ್ಲಿ ಚೆರೋಕೀ ಮಾಧ್ಯಮದ ಶಾಲೆ ಆರಂಭವಾಯಿತು. ಉತ್ತರ ಕೆರೊಲಿನಾದಲ್ಲಿ ನ್ಯೂ ಕಿಟುವಾ ಅಕಾಡೆಮಿ ಇದೇ ಕಾರ್ಯದಲ್ಲಿ ತೊಡಗಿದೆ. ಶಾಲೆಯಲ್ಲಿ ಕಲಿತ ಭಾಷೆ ಮನೆಯಲ್ಲಿಯೂ ಕೇಳಿಸದಿದ್ದರೆ ಮಕ್ಕಳಲ್ಲಿ ಅದು ಬೇರೂರುವುದು ಕಷ್ಟ. ವಯಸ್ಕರು ವೇತನ ಪಡೆದು ಎರಡು ವರ್ಷ ಹಿರಿಯ ಭಾಷಿಕರೊಡನೆ ಪೂರ್ಣಾವಧಿ ಕಲಿಯುವ ಗುರು–ಶಿಷ್ಯ ಕಾರ್ಯಕ್ರಮವೂ ನಡೆಯುತ್ತಿದೆ. ಇಲ್ಲಿ ಕಲಿತವರಲ್ಲಿ ಕೆಲವರು ಶಿಕ್ಷಕರಾಗಿದ್ದಾರೆ.

ಚೆರೋಕೀ ಲಿಪಿ 1999ರಲ್ಲಿ ಯೂನಿಕೋಡ್‌ಗೆ ಸೇರಿತು. ಮುಂದೆ ಮೊಬೈಲ್ ಫೋನುಗಳಲ್ಲಿಯೂ ಈ ಲಿಪಿಯಲ್ಲಿ ಸಂದೇಶ ಬರೆಯುವುದು ಸಾಧ್ಯವಾಯಿತು.

2019ರಲ್ಲಿ ಚೆರೋಕೀ ನೇಷನ್, ಯುನೈಟೆಡ್ ಕಿಟೂವಾ ಬ್ಯಾಂಡ್ ಮತ್ತು ಈಸ್ಟರ್ನ್ ಬ್ಯಾಂಡ್ ಒಟ್ಟಾಗಿ ಭಾಷೆಯ ವಿಷಯದಲ್ಲಿ ತುರ್ತುಪರಿಸ್ಥಿತಿ ಘೋಷಿಸಿದವು. ಆಗ ಭಾಷಿಕರ ಅಂದಾಜು ಸಂಖ್ಯೆ ಸುಮಾರು 2,100. ಟಾಲೆಕ್ವಾದ ವಿವಿಧ ಭಾಷಾ ಕಾರ್ಯಕ್ರಮಗಳನ್ನು ಒಂದೇ ಸೂರಿನಡಿ ತಂದ ಡರ್ಬಿನ್ ಫೀಲಿಂಗ್ ಭಾಷಾ ಕೇಂದ್ರವು 2022ರಲ್ಲಿ ಆರಂಭವಾಯಿತು.

ಸಂಸ್ಕೃತಿಯೊಂದಿಗಿನ ನಂಟು

ಬುಟ್ಟಿ ಹೆಣಿಗೆ, ಕೋಲುಚೆಂಡಿನ ಆಟ, ಗಿಡಮೂಲಿಕೆಗಳ ಜ್ಞಾನ ಇವೆಲ್ಲವುಗಳ ಪದಸಂಪತ್ತು ಭಾಷೆಯಲ್ಲಿ ಅಡಕವಾಗಿದೆ. ಊರಿನವರು ಕೂಡಿ ಒಬ್ಬರಿಗೊಬ್ಬರು ದುಡಿಯುವ ಪದ್ಧತಿಗೆ 'ಗಡೂಗಿ' ಎಂದು ಹೆಸರು. ಭಾಷಾ ಸಂರಕ್ಷಣೆಯ ಕಾರ್ಯವನ್ನೂ ಸಮುದಾಯದವರು ಇದೇ ಭಾವದಿಂದ ಕಾಣುತ್ತಾರೆ.